ಕರಿಕೆಗೆ ಒಗ್ಗುವ ಗಣಕಯಂತ್ರ

ಕೊಡಗಿನ ಭೂಪಟವನ್ನು ಹರಡಿ ನೋಡಿದವರಿಗೆ ಅದರ ಪಶ್ಚಿಮದ ಅಂಚಿನಲ್ಲಿ, ಕೇರಳದ ಕಾಸರಗೋಡು ಜಿಲ್ಲೆಗೆ ತಾಗಿಕೊಂಡಂತೆ, ಕರಿಕೆ ಎಂಬ ಹೆಸರು ಕಾಣುತ್ತದೆ. ಮಡಿಕೇರಿ ತಾಲ್ಲೂಕಿಗೆ ಸೇರಿದ ಈ ಗ್ರಾಮ ಅಪ್ಪಟ ಕೊಡಗಿನದೇ ಆದರೂ, ಕೊಡಗೆಂದೊಡನೆ ಮನಸ್ಸಿನಲ್ಲಿ ಮೂಡುವ ಕಾಫಿ, ಕಿತ್ತಳೆ, ಕಾವಳಗಳ ಚಿತ್ರ ಇದಕ್ಕೆ ಪೂರ್ತಿ ಹೊಂದುವುದಿಲ್ಲ. ಭಾಗಮಂಡಲದಿಂದ ಸುಮಾರು ಮೂವತ್ತು ಕಿಲೋಮೀಟರುಗಳ ಘಟ್ಟದ ದಾರಿಯನ್ನು ಇಳಿದು ಬಂದರೆ ಹವೆ ಬೆಚ್ಚಗಾಗುತ್ತದೆ. ಅಡಕೆ, ತೆಂಗು, ರಬ್ಬರುಗಳ ತೋಟಗಳು ಎದುರಾಗುತ್ತವೆ. ತಲಕಾವೇರಿಯಲ್ಲಿ ಹುಟ್ಟಿದ ಕಾವೇರಿ ಪೂರ್ವಾಭಿಮುಖಳಾಗಿ ನಡೆದು ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ಕರಿಕೆಯ ತೊರೆಗಳಾದರೋ ಅವಳಿಗೆ ಬೆನ್ನು ತಿರುಗಿಸಿ ಪಶ್ಚಿಮದ ಕಡಲಿನ ಹಾದಿಯನ್ನು ಹಿಡಿಯುತ್ತವೆ. ನೀರು ಹರಿಯುವ ಕಡೆಗೇ ಜನರ ವ್ಯವಹಾರವೂ ಹರಿದಿದೆ.

ಭಾಗಮಂಡಲದಿಂದ ಇಳಿಯುವ ಆ ದಾರಿಯನ್ನು ಒಮ್ಮೆ ಕಂಡವರು ಮರೆಯಲಾರರು. ಎರಡೂ ಕಡೆ ದಟ್ಟವಾದ ಕಾಡು. 1987ರಲ್ಲಿ ಘೋಷಿತವಾದ ತಲಕಾವೇರಿ ವನ್ಯಧಾಮವು ಈ ಮಲೆಸಾಲನ್ನೇ ಆವರಿಸಿಕೊಂಡಿದೆ. ಬಿದಿರ ಮೆಳೆಗಳನ್ನೂ ಬಂಡೆಗಳಿಂದ ಧುಮುಕುವ ಝರಿಗಳನ್ನೂ ದಾಟಿ ರಸ್ತೆ ಸುತ್ತಿ ಸುತ್ತಿ ಇಳಿಯುತ್ತದೆ. ಮೊಬೈಲಿನ ಸಂಕೇತ ಒಂದು ತಿರುವಿನಲ್ಲಿ ತೋರಿ ಮರುತಿರುವಿನಲ್ಲಿ ಮಾಯವಾಗುತ್ತದೆ. ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೆ ಮಿಕ್ಕಿ ಮಳೆ ಸುರಿಯುವುದು ಭಾಗಮಂಡಲದ ಸೀಮೆಯಲ್ಲಿ ಅಪೂರ್ವವೇನಲ್ಲ. ಆಷಾಢದಲ್ಲಿ ಬರೆ ಜರಿದು ಮರ ಅಡ್ಡ ಬಿದ್ದರೆ, ಮೇಲಿನ ಊರಿಗೂ ಕೆಳಗಿನ ಊರಿಗೂ ನಡುವೆ ಮಾತುಕತೆಯೇ ನಿಂತುಹೋಗುತ್ತದೆ.

ಕರಿಕೆಯನ್ನು ದಾಟಿದರೆ ಕೇರಳದ ಪಾಣತ್ತೂರು. ಅಲ್ಲಿಂದ ಮುಂದೆ ಕಾಞಂಗಾಡು. ಈ ಗಡಿಗೆ ಒಂದು ಸ್ವಾರಸ್ಯವಾದ ಚರಿತ್ರೆಯಿದೆ. 1956ರ ನವೆಂಬರ್ ಒಂದರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಗಡಿಯ ಎರಡೂ ಮಗ್ಗುಲುಗಳು ಒಂದೇ ದಿನ ಹೊಸ ಹೆಸರು ಪಡೆದವು. ಅಂದಿನವರೆಗೆ ಪ್ರತ್ಯೇಕ ರಾಜ್ಯವಾಗಿದ್ದ ಕೊಡಗು ಮೈಸೂರನ್ನು ಸೇರಿತು; ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ಕೇರಳಕ್ಕೆ ಹೋಯಿತು. ಗಡಿಗೆರೆ ಬದಲಾದರೂ ಜನರ ನಾಲಗೆ ಬದಲಾಗಲಿಲ್ಲ. ಮನೆಯೊಳಗೆ ಅರೆಭಾಷೆ, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲೆಯಾಳ, ನೆಂಟರೊಡನೆ ತುಳು ಆಡುವವರು ಈ ಸೀಮೆಯಲ್ಲಿ ವಿರಳರಲ್ಲ. ಒಬ್ಬನ ಮಾತನ್ನು ಇನ್ನೊಬ್ಬನಿಗೆ ತಿಳಿಸುವ ದುಭಾಷಿತನ ಇಲ್ಲಿನವರಿಗೆ ಹುಟ್ಟಿನಿಂದಲೇ ಬಂದ ವಿದ್ಯೆ.

ಇಂತಹ ಊರಿಗೂ ಈಗ ಗಣಕಯಂತ್ರ ಬೇಕು. ಮಕ್ಕಳ ಪಾಠಕ್ಕೆ, ಕಾಲೇಜಿನ ಅರ್ಜಿಗೆ, ತೋಟದ ಲೆಕ್ಕಕ್ಕೆ, ಪಹಣಿಯ ಪ್ರತಿಗೆ ಅದು ಬೇಕೇ ಬೇಕು. 2020ನೆಯ ಇಸವಿ ಈ ಅಗತ್ಯವನ್ನು ಕಠಿಣವಾಗಿಯೇ ಕಲಿಸಿತು. ಆ ವರ್ಷದ ಮಾರ್ಚ್ ತಿಂಗಳಲ್ಲಿ ಮಹಾಮಾರಿಯ ಭಯದಿಂದ ಕರ್ನಾಟಕವು ಕೇರಳದ ಕಡೆಯ ರಸ್ತೆಗಳನ್ನು ಮುಚ್ಚಿತು. ಆ ವಿವಾದ ಸರ್ವೋಚ್ಚ ನ್ಯಾಯಾಲಯದ ಬಾಗಿಲವರೆಗೆ ಹೋಯಿತು. ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿಯೇ ಜರಿದು ಪ್ರಾಣಹಾನಿಯಾಯಿತು. ಶಾಲೆಗಳ ಬಾಗಿಲು ಮುಚ್ಚಿತ್ತು. ಪಾಠ ತೆರೆಯ ಮೇಲೆ ನಡೆಯುತ್ತಿತ್ತು. ಮನೆಯಲ್ಲೊಂದು ನಂಬಿಕೆಯ ಯಂತ್ರವಿದ್ದವನೇ ಭಾಗ್ಯಶಾಲಿ ಎನಿಸಿದ ಕಾಲವದು.

ನಂಬಿಕೆಯ ಯಂತ್ರವೆಂದರೆ ಯಾವುದು? ಪಟ್ಟಣದವನು ತಪ್ಪು ಯಂತ್ರವನ್ನು ತಂದರೆ ಮರುದಿನ ಅಂಗಡಿಗೆ ಹೋಗಿ ಬದಲಾಯಿಸಿಕೊಳ್ಳುತ್ತಾನೆ. ಕರಿಕೆಯವನಿಗೆ ಮಡಿಕೇರಿ ಸುಮಾರು ಎಪ್ಪತ್ತು ಕಿಲೋಮೀಟರು. ಕಾಞಂಗಾಡು ಅದಕ್ಕಿಂತ ಹತ್ತಿರವಾದರೂ ಹೋಗಿ ಬರುವುದರಲ್ಲಿ ಒಂದು ದಿನ ಕಳೆಯುತ್ತದೆ. ಒಂದು ಸಣ್ಣ ಬಿಡಿಭಾಗ ಹೊಂದದೆ ಹೋದರೂ ದಿನಗೂಲಿ ಹೋಯಿತು, ಬಸ್ಸಿನ ಖರ್ಚು ಹೋಯಿತು, ಮಳೆಗಾಲವಾದರೆ ವಾರವೇ ಹೋಯಿತು. ಆದಕಾರಣ ಕೊಳ್ಳುವುದಕ್ಕೆ ಮುಂಚೆ ವಿಚಾರಿಸುವುದು ಇಲ್ಲಿ ಬರಿಯ ಜಾಣತನವಲ್ಲ, ಅವಶ್ಯಕತೆ.

ಗಡಿಯಾಚೆಯ ಶಾಲೆಗಳಲ್ಲಿ ಈ ವಿಷಯದ ಒಂದು ದೊಡ್ಡ ಪ್ರಯೋಗ ನಡೆದಿದೆ. ಕೇರಳ ಸರ್ಕಾರವು 2001ರಲ್ಲಿ ಐಟಿ@ಸ್ಕೂಲ್ ಎಂಬ ಯೋಜನೆಯನ್ನು ತೊಡಗಿಸಿ, ಕೆಲವೇ ವರ್ಷಗಳಲ್ಲಿ ಶಾಲೆಗಳ ಗಣಕಯಂತ್ರಗಳನ್ನೆಲ್ಲ ಮುಕ್ತ ತಂತ್ರಾಂಶಕ್ಕೆ ತಿರುಗಿಸಿತು. 2017ರಲ್ಲಿ ಆ ಯೋಜನೆ ಕೈಟ್ ಎಂಬ ಸರ್ಕಾರಿ ಸಂಸ್ಥೆಯಾಯಿತು. ಉಬುಂಟುವನ್ನು ಆಧರಿಸಿ ಅವರೇ ಸಜ್ಜುಗೊಳಿಸಿದ ಗ್ನೂ/ಲಿನಕ್ಸ್ ವ್ಯವಸ್ಥೆಯಲ್ಲಿ ಅಲ್ಲಿಯ ಮಕ್ಕಳು ಕಲಿಯುತ್ತಾರೆ, ಪರೀಕ್ಷೆಯನ್ನೂ ಬರೆಯುತ್ತಾರೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ವಿಷಯದ ಪಠ್ಯಪುಸ್ತಕಗಳು ಕನ್ನಡದಲ್ಲಿಯೇ ಅಚ್ಚಾಗಿವೆ. ಪಾಣತ್ತೂರಿನ ಕಡೆಯ ನೆಂಟರ ಮನೆಯ ಹುಡುಗನೊಬ್ಬ ಕರಿಕೆಗೆ ಬಂದು, ಹಳೆಯ ಯಂತ್ರವೊಂದಕ್ಕೆ ಇದೇ ವ್ಯವಸ್ಥೆಯನ್ನು ತುಂಬಿಕೊಟ್ಟರೆ ಆಶ್ಚರ್ಯವೇನಿಲ್ಲ. ಮುಕ್ತ ತಂತ್ರಾಂಶಕ್ಕೆ ಬೆಲೆ ಕೊಡಬೇಕಾಗಿಲ್ಲ. ಒಬ್ಬರಿಂದ ಒಬ್ಬರಿಗೆ ಹಂಚುವುದು ಅಪರಾಧವೂ ಅಲ್ಲ. ಆದರೆ ಸರ್ಕಾರಕ್ಕೂ ಗೃಹಸ್ಥನಿಗೂ ಒಂದು ಭೇದವುಂಟು. ಸಾವಿರಗಟ್ಟಲೆ ಯಂತ್ರ ಕೊಳ್ಳುವ ಸರ್ಕಾರ ‘ಇದರಲ್ಲಿ ಲಿನಕ್ಸ್ ಓಡಬೇಕು’ ಎಂದು ಮಾರುವವನಿಗೆ ಷರತ್ತು ಹಾಕಬಲ್ಲದು. ಒಂದೇ ಯಂತ್ರ ಕೊಳ್ಳುವ ಗೃಹಸ್ಥನ ಷರತ್ತಿಗೆ ಕಿವಿಗೊಡುವವರಾರು? ಅವನೇ ಪರೀಕ್ಷಿಸಿ ಆರಿಸಿಕೊಳ್ಳಬೇಕು.

ಯಂತ್ರ ಮತ್ತು ತಂತ್ರಾಂಶಗಳ ನಡುವಣ ಈ ಹೊಂದಾಣಿಕೆಯ ಪ್ರಶ್ನೆಯಿಂದಲೇ ಮುಕ್ತ ತಂತ್ರಾಂಶದ ಚಳವಳಿ ಹುಟ್ಟಿತೆಂಬುದು ಅನೇಕರಿಗೆ ತಿಳಿದಿರಲಾರದು. 1980ರ ಸುಮಾರಿನಲ್ಲಿ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ಪ್ರಯೋಗಶಾಲೆಗೆ ಜೆರಾಕ್ಸ್ ಕಂಪೆನಿಯ ಹೊಸ ಮುದ್ರಣಯಂತ್ರವೊಂದು ಬಂದಿತು. ಕಾಗದ ಸಿಕ್ಕಿಕೊಂಡರೆ ಅದು ಯಾರಿಗೂ ಹೇಳದೆ ಸುಮ್ಮನೆ ನಿಂತುಬಿಡುತ್ತಿತ್ತು. ಹಳೆಯ ಯಂತ್ರದಲ್ಲಿ ಈ ತೊಂದರೆಗೆ ಪರಿಹಾರ ಬರೆದಿದ್ದ ರಿಚರ್ಡ್ ಸ್ಟಾಲ್‌ಮನ್ ಹೊಸದಕ್ಕೂ ಹಾಗೆಯೇ ಬರೆಯಹೊರಟರೆ, ಅದರ ತಂತ್ರಾಂಶದ ಮೂಲಪ್ರತಿ ದೊರೆಯಲಿಲ್ಲ. ಅದು ಯಾರ ಬಳಿ ಇತ್ತೋ ಅವರು ಗುಟ್ಟು ಬಿಡುವುದಿಲ್ಲವೆಂದು ಕಂಪೆನಿಗೆ ಮಾತು ಕೊಟ್ಟಿದ್ದರು. ಈ ನಿರಾಕರಣೆಯ ಕಹಿಯೂ ಸೇರಿ, 1983ರಲ್ಲಿ ಅವರು ಗ್ನೂ ಯೋಜನೆಯನ್ನು ಸಾರಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಬರೆದ ಕರ್ನಲ್ ಅದರೊಡನೆ ಕೂಡಿ ಇಂದಿನ ವ್ಯವಸ್ಥೆ ಬೆಳೆದು ಬಂದಿತು.

ಯಂತ್ರದ ಭಾಗಗಳಿಗೆ ಒಂದೊಂದಕ್ಕೂ ಒಂದೊಂದು ಭಾಷೆ. ತೆರೆ, ಧ್ವನಿ, ವೈ-ಫೈ, ಮುದ್ರಕ — ಇವುಗಳ ಮಾತನ್ನು ಕರ್ನಲ್ಲಿಗೆ ತಿಳಿಸುವ ದುಭಾಷಿಗೆ ಡ್ರೈವರ್ ಎಂದು ಹೆಸರು. ಭಾಗವನ್ನು ತಯಾರಿಸಿದ ಕಂಪೆನಿ ತನ್ನ ಭಾಷೆಯ ವ್ಯಾಕರಣವನ್ನು ಬಹಿರಂಗಪಡಿಸಿದರೆ, ಅಥವಾ ದುಭಾಷಿಯನ್ನು ತಾನೇ ಬರೆದು ಒಪ್ಪಿಸಿದರೆ, ಆ ದುಭಾಷಿ ಕರ್ನಲ್ಲಿನೊಳಗೇ ಮನೆ ಮಾಡುತ್ತಾನೆ. ಕೊಂಡವನು ಏನನ್ನೂ ಹುಡುಕಬೇಕಾಗಿಲ್ಲ. ಕಂಪೆನಿ ಗುಟ್ಟು ಮಾಡಿದರೆ ಎಷ್ಟೇ ಬೆಲೆಬಾಳುವ ಭಾಗವಾದರೂ ಮೂಕವಾಗಿ ಕುಳಿತುಬಿಡುತ್ತದೆ. ಆದುದರಿಂದ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ಇದು ಎಷ್ಟು ವೇಗ?’ ಎಂದಲ್ಲ, ‘ಇದರ ದುಭಾಷಿ ಕರ್ನಲ್ಲಿನಲ್ಲಿ ಇದ್ದಾನೆಯೇ?’ ಎಂದು.

ಅಂಗಡಿಯವನಿಗೆ ಇದರ ಉತ್ತರ ತಿಳಿಯದಿರಬಹುದು. ಅದಕ್ಕೆ ಸುಲಭವಾದ ಉಪಾಯವೊಂದಿದೆ. ಡೆಬಿಯನ್, ಉಬುಂಟು ಅಥವಾ ಮಿಂಟ್ ವ್ಯವಸ್ಥೆಯನ್ನು ಒಂದು ಪೆನ್‌ಡ್ರೈವಿಗೆ ಇಳಿಸಿಕೊಂಡು ಜೇಬಿನಲ್ಲಿಟ್ಟುಕೊಂಡು ಹೋಗುವುದು. ಕೊಳ್ಳಬೇಕೆಂದಿರುವ ಯಂತ್ರಕ್ಕೆ ಅದನ್ನು ಚುಚ್ಚಿ ಪ್ರಾರಂಭಿಸಿದರೆ, ಯಂತ್ರದೊಳಗಿನ ಯಾವುದನ್ನೂ ಅಳಿಸದೆ ವ್ಯವಸ್ಥೆ ತೆರೆದುಕೊಳ್ಳುತ್ತದೆ. ಹತ್ತೇ ನಿಮಿಷದಲ್ಲಿ ವೈ-ಫೈ ಸಿಗುವುದೇ, ಧ್ವನಿ ಕೇಳುವುದೇ, ಕ್ಯಾಮೆರಾ ಕಾಣುವುದೇ, ತೆರೆಯ ಬೆಳಕು ಹೆಚ್ಚು ಕಡಮೆಯಾಗುವುದೇ, ಮುಚ್ಚಳ ಮುಚ್ಚಿ ನಿದ್ರೆ ಮಾಡಿಸಿದ ಯಂತ್ರ ಮತ್ತೆ ಎಚ್ಚರಗೊಳ್ಳುವುದೇ ಎಂದು ನೋಡಿಬಿಡಬಹುದು. ಬೆರಳಚ್ಚು ಓದುವ ಭಾಗ ಮಾತ್ರ ಅನೇಕ ಲ್ಯಾಪ್‌ಟಾಪುಗಳಲ್ಲಿ ಲಿನಕ್ಸಿಗೆ ಒಲಿಯುವುದಿಲ್ಲ. ಅದನ್ನು ನೆಚ್ಚಿಕೊಂಡು ಹೆಚ್ಚಿನ ಹಣ ಕೊಡಬಾರದು. ಮಾರುಕಟ್ಟೆಗೆ ನಿನ್ನೆ ಮೊನ್ನೆ ಬಂದ ಮಾದರಿಗಿಂತ ಒಂದು ವರ್ಷ ಹಳೆಯದಾದ ಮಾದರಿ ಮೇಲು. ಕರ್ನಲ್ಲಿನ ಹೊಸ ಆವೃತ್ತಿ ಒಂಬತ್ತು ಹತ್ತು ವಾರಗಳಿಗೊಮ್ಮೆ ಬರುತ್ತದಾದರೂ, ಅದು ಎಲ್ಲರ ವ್ಯವಸ್ಥೆಗೂ ತಲಪಲು ಕಾಲ ಹಿಡಿಯುತ್ತದೆ.

ಸಂಸ್ಕಾರಕದ ವಿಷಯದಲ್ಲಿ ಚಿಂತೆ ಕಡಮೆ. ಇಂಟೆಲ್ ಮತ್ತು ಎಎಂಡಿ ಎರಡರ ಸಂಸ್ಕಾರಕಗಳೂ ಅವುಗಳೊಳಗೇ ಅಡಕವಾದ ಚಿತ್ರಭಾಗಗಳೂ ಮುಕ್ತ ಡ್ರೈವರುಗಳಿಂದಲೇ ಚೆನ್ನಾಗಿ ನಡೆಯುತ್ತವೆ. ಎಎಂಡಿ ತನ್ನ ಚಿತ್ರಭಾಗಗಳ ವಿವರಗಳನ್ನು 2007ರಿಂದ ಪ್ರಕಟಿಸುತ್ತ ಬಂದಿತು. ಪ್ರತ್ಯೇಕವಾದ ಎನ್ವಿಡಿಯಾ ಕಾರ್ಡನ್ನು ಜೋಡಿಸಿದ ಯಂತ್ರದ ಕಥೆ ಬೇರೆ. ಆ ಕಂಪೆನಿಯ ಬಿಗುಮಾನವನ್ನು ಟೊರ್ವಾಲ್ಡ್ಸ್ 2012ರಲ್ಲಿ ತುಂಬಿದ ಸಭೆಯಲ್ಲಿ ಕಟುವಾಗಿ ಖಂಡಿಸಿದ್ದರು. 2022ರಲ್ಲಿ ಕಂಪೆನಿ ಕರ್ನಲ್ಲಿಗೆ ಸಂಬಂಧಿಸಿದ ಭಾಗವನ್ನು ಮುಕ್ತಗೊಳಿಸಿತು. ಈಗ ಸ್ಥಿತಿ ಸುಧಾರಿಸಿದೆ. ಆದರೂ ಪಾಠ, ಲೆಕ್ಕ, ಪತ್ರವ್ಯವಹಾರಗಳಿಗಾಗಿ ಯಂತ್ರ ಬಯಸುವ ಮನೆಗೆ ಪ್ರತ್ಯೇಕ ಕಾರ್ಡು ವ್ಯರ್ಥವಾದ ವೆಚ್ಚ, ಮೇಲಾಗಿ ಹೆಚ್ಚಿನ ವಿದ್ಯುತ್ತಿನ ಹೊರೆ.

ವೈ-ಫೈ ಭಾಗವೇ ಹೆಚ್ಚಿನ ತಲೆನೋವಿಗೆ ಕಾರಣ. ಇಂಟೆಲ್ ಕಂಪೆನಿಯ ವೈ-ಫೈ ಬಿಲ್ಲೆಗಳು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಬ್ರಾಡ್‌ಕಾಮ್ ಬಿಲ್ಲೆಯಿರುವ ಹಳೆಯ ಲ್ಯಾಪ್‌ಟಾಪುಗಳು ಅನೇಕರನ್ನು ಕಾಡಿವೆ. ಇನ್ನು ಹೊರಗಿನಿಂದ ಚುಚ್ಚುವ ಪುಟ್ಟ ಕೊಂಡಿಗಳಲ್ಲಿ ಒಂದು ಮೋಸದ ಗುಳಿಯಿದೆ: ಪೆಟ್ಟಿಗೆಯ ಮೇಲಿನ ಹೆಸರು ಒಂದೇ, ಒಳಗಿನ ಬಿಲ್ಲೆ ಬೇರೆ. ಟಿಪಿ-ಲಿಂಕ್ ಕಂಪೆನಿಯ ಟಿಎಲ್-ಡಬ್ಲ್ಯುಎನ್722ಎನ್ ಎಂಬ ಹೆಸರಾಂತ ಕೊಂಡಿಯ ಮೊದಲ ಆವೃತ್ತಿಯಲ್ಲಿ ಅಥೆರೋಸ್ ಬಿಲ್ಲೆಯಿತ್ತು. ಲಿನಕ್ಸ್ ಬಳಕೆದಾರರು ಅದನ್ನು ಮೆಚ್ಚಿ ಒಬ್ಬರಿಗೊಬ್ಬರು ಶಿಫಾರಸು ಮಾಡಿದರು. ಎರಡನೆಯ ಆವೃತ್ತಿಯಿಂದ ಅದೇ ಹೆಸರಿನೊಳಗೆ ರಿಯಲ್‌ಟೆಕ್ ಬಿಲ್ಲೆ ಬಂದಿತು. ಮೊದಲಿನ ಶಿಫಾರಸು ಅದಕ್ಕೆ ಸಲ್ಲದಾಯಿತು. ಹೆಸರನ್ನಲ್ಲ, ಆವೃತ್ತಿಯನ್ನೂ ಬಿಲ್ಲೆಯನ್ನೂ ನೋಡಿ ಕೊಳ್ಳಬೇಕೆಂಬುದಕ್ಕೆ ಇದೊಂದು ಪಾಠ. ಪೆನ್‌ಡ್ರೈವಿನಿಂದ ವ್ಯವಸ್ಥೆಯನ್ನು ತೆರೆದು ಎಲ್‌ಎಸ್‌ಪಿಸಿಐ, ಎಲ್‌ಎಸ್‌ಯುಎಸ್‌ಬಿ ಎಂಬ ಎರಡು ಆಜ್ಞೆಗಳನ್ನು ಕೊಟ್ಟರೆ ಒಳಗಿರುವ ಬಿಲ್ಲೆಗಳ ನಿಜನಾಮಗಳು ಸಾಲಾಗಿ ತೆರೆಯ ಮೇಲೆ ಬರುತ್ತವೆ.

ಕೆಲವು ಬಿಲ್ಲೆಗಳಿಗೆ ಡ್ರೈವರಲ್ಲದೆ ಫರ್ಮ್‌ವೇರ್ ಎಂಬ ಇನ್ನೊಂದು ತುಣುಕೂ ಬೇಕು. ತತ್ತ್ವನಿಷ್ಠವಾದ ಡೆಬಿಯನ್ ಬಳಗ, ಇವು ಮುಕ್ತವಲ್ಲವೆಂಬ ಕಾರಣದಿಂದ ತನ್ನ ಅಧಿಕೃತ ಸ್ಥಾಪಕದಲ್ಲಿ ಬಹುಕಾಲ ಸೇರಿಸಿರಲಿಲ್ಲ. ತಂತಿಯ ಅಂತರಜಾಲವಿದ್ದವರಿಗೆ ಅದರಿಂದ ಅಡ್ಡಿಯಾಗಲಿಲ್ಲ. ವೈ-ಫೈ ಒಂದನ್ನೇ ನಂಬಿದ ಹಳ್ಳಿಯವನಿಗೆ ಮಾತ್ರ ಬಾವಿಗೆ ಇಳಿಯಲು ಬಾವಿಯೊಳಗಿನ ಹಗ್ಗವೇ ಬೇಕೆಂಬಂತಾಯಿತು. 2022ರಲ್ಲಿ ಬಳಗದ ಸದಸ್ಯರು ಮತ ಹಾಕಿ ನಿಯಮವನ್ನು ಸಡಿಲಿಸಿದರು. 2023ರಲ್ಲಿ ಬಂದ ಡೆಬಿಯನ್ 12ರಿಂದ ಆ ತುಣುಕುಗಳು ಸ್ಥಾಪಕದೊಡನೆಯೇ ಬರುತ್ತವೆ. ಅಷ್ಟಾಗಿಯೂ ವೈ-ಫೈ ಕೈಕೊಟ್ಟರೆ, ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ತಂತಿಯಿಂದ ಯಂತ್ರಕ್ಕೆ ಜೋಡಿಸಿ ಅದರ ಅಂತರಜಾಲವನ್ನು ಹಂಚಿಕೊಳ್ಳಬಹುದು. ಇದಕ್ಕೆ ಬೇಕಾದ ಡ್ರೈವರು ಕರ್ನಲ್ಲಿನಲ್ಲೇ ಇದೆ. ಗುಡ್ಡದ ಮನೆಗಳಿಗೆ ಇದು ಆಪದ್ಬಂಧು.

ಮುದ್ರಕದ ವಿಷಯದಲ್ಲಿ ಸ್ಟಾಲ್‌ಮನ್ನರ ಕಾಲದ ವ್ಯಾಜ್ಯ ಇನ್ನೂ ಪೂರ್ತಿ ತೀರಿಲ್ಲ. ಭಾರತದ ಸಣ್ಣ ಕಚೇರಿಗಳಲ್ಲಿಯೂ ಜೆರಾಕ್ಸ್ ಅಂಗಡಿಗಳಲ್ಲಿಯೂ ಹೇರಳವಾಗಿ ಕಾಣುವ ಕ್ಯಾನನ್ ಎಲ್‌ಬಿಪಿ2900 ಗಟ್ಟಿಮುಟ್ಟಾದ ಮುದ್ರಕವೇ ಸರಿ. ಆದರೆ ಅದು ಆಡುವುದು ಕ್ಯಾಪ್ಟ್ ಎಂಬ ತನ್ನದೇ ಗುಟ್ಟಿನ ಭಾಷೆಯನ್ನು. ಲಿನಕ್ಸಿನಲ್ಲಿ ಅದನ್ನು ನಡೆಸಲು ಹೊರಟವರು ಬೆವರು ಸುರಿಸಬೇಕಾಗುತ್ತದೆ. ಪಾಣತ್ತೂರಿನಲ್ಲಾಗಲಿ ಮಡಿಕೇರಿಯಲ್ಲಾಗಲಿ ಅಗ್ಗಕ್ಕೆ ಸಿಕ್ಕಿತೆಂದು ಹೊತ್ತು ತರುವ ಮುನ್ನ ಇದನ್ನು ನೆನೆಯಬೇಕು. ಡ್ರೈವರಿಲ್ಲದೆಯೇ ಮುದ್ರಿಸುವ ಐಪಿಪಿ ಎವ್ರಿವೇರ್ ಅಥವಾ ಏರ್‌ಪ್ರಿಂಟ್ ಸೌಲಭ್ಯವನ್ನು ಬರೆದಿರುವ ಹೊಸ ಮುದ್ರಕಗಳು ಸುರಕ್ಷಿತ. ಎಚ್‌ಪಿ ಕಂಪೆನಿ ತನ್ನ ಮುದ್ರಕಗಳಿಗಾಗಿ ಎಚ್‌ಪಿಲಿಪ್ ಎಂಬ ತಂತ್ರಾಂಶವನ್ನು ಒದಗಿಸಿದೆ. ಕೆಲವು ಮಾದರಿಗಳಿಗೆ ಇನ್ನೊಂದು ಮುಚ್ಚಿದ ತುಣುಕು ಬೇಕಾಗುವುದರಿಂದ ಅದರ ಪಟ್ಟಿಯಲ್ಲಿ ಮಾದರಿಯ ಹೆಸರನ್ನು ಮೊದಲೇ ನೋಡುವುದು ಲೇಸು.

ಹೊಸ ಯಂತ್ರವನ್ನೇ ಕೊಳ್ಳಬೇಕೆಂಬ ನಿರ್ಬಂಧವೂ ಇಲ್ಲ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪೆನಿ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11ರ ಕಟ್ಟಳೆಗಳಿಗೆ ಹೊಂದದ ಎಷ್ಟೋ ಒಳ್ಳೆಯ ಯಂತ್ರಗಳು ಹೀಗೆ ಮೂಲೆ ಸೇರುವ ಗತಿಗೆ ಬಂದವು. ಅಂತಹ ಯಂತ್ರ ಅರುವತ್ತನಾಲ್ಕು ಬಿಟ್ಟಿನದಾಗಿ, ನಾಲ್ಕು ಗಿಗಾಬೈಟಿನಷ್ಟಾದರೂ ಸ್ಮೃತಿಯಿದ್ದು, ಹಳೆಯ ತಿರುಗುತಟ್ಟೆಯ ಬದಲು ಎಸ್‌ಎಸ್‌ಡಿಯನ್ನು ಹಾಕಿಸಿಕೊಂಡರೆ ಲಿನಕ್ಸಿನಲ್ಲಿ ಇನ್ನೂ ಹಲವು ವರ್ಷ ದುಡಿಯಬಲ್ಲದು. ಹಳೆಯದಕ್ಕೆ ಇನ್ನೊಂದು ಲಾಭವುಂಟು: ಅದರ ದುಭಾಷಿಗಳು ಪಳಗಿದವರು. ಆದರೆ ಅತಿ ಹಳೆಯ ಮೂವತ್ತೆರಡು ಬಿಟ್ಟಿನ ಯಂತ್ರಕ್ಕೆ ಹಣ ಹಾಕಬಾರದು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಅವುಗಳಿಗೆ ಸ್ಥಾಪಕ ಕೊಡುವುದನ್ನೇ ಬಿಟ್ಟಿತು.

ಇಷ್ಟೆಲ್ಲ ಆದಮೇಲೆ ಕರಿಕೆಯ ಹವೆಯೊಡನೆಯೂ ಯಂತ್ರ ಹೊಂದಿಕೊಳ್ಳಬೇಕು. ಮಳೆಗಾಲದಲ್ಲಿ ತಂತಿಯ ಮೇಲೆ ಕೊಂಬೆ ಬಿದ್ದು ದೀಪ ಹೋಗುವುದು ಮಲೆನಾಡಿಗೆ ಹೊಸತಲ್ಲ. ಆದುದರಿಂದ ಮೇಜಿನ ಯಂತ್ರಕ್ಕಿಂತ ಬ್ಯಾಟರಿಯಿರುವ ಲ್ಯಾಪ್‌ಟಾಪು ಇಲ್ಲಿಗೆ ಅನುಕೂಲ. ಮೇಜಿನ ಯಂತ್ರವೇ ಬೇಕಾದರೆ ಯುಪಿಎಸ್ ಅವಶ್ಯ. ಅದಕ್ಕೆ ಯುಎಸ್‌ಬಿ ತಂತಿಯ ಸೌಕರ್ಯವಿದ್ದು, ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಎಂಬ ಮುಕ್ತ ತಂತ್ರಾಂಶದ ಪಟ್ಟಿಯಲ್ಲಿ ಮಾದರಿಯ ಹೆಸರಿದ್ದರೆ, ವಿದ್ಯುತ್ತು ಮುಗಿಯುವ ಮೊದಲು ಯಂತ್ರ ತಾನೇ ಕ್ರಮವಾಗಿ ಮಲಗುತ್ತದೆ. ಮುಂಗಾರಿಗೆ ಮುಂಚಿನ ಗುಡುಗಿನ ಸಂಜೆಗಳಲ್ಲಿ ವಿದ್ಯುತ್ತಿನ ತಂತಿಯನ್ನೂ ಅಂತರಜಾಲದ ತಂತಿಯನ್ನೂ ಕಿತ್ತಿಡುವುದಕ್ಕಿಂತ ಮಿಗಿಲಾದ ರಕ್ಷಣೆಯಿಲ್ಲ.

ಕನ್ನಡದ ಮಾತೇನು? ಸಂತೋಷದ ಸಂಗತಿಯೆಂದರೆ ಅದಕ್ಕಾಗಿ ಯಾವ ವಿಶೇಷ ಯಂತ್ರಭಾಗವನ್ನೂ ಕೊಳ್ಳಬೇಕಾಗಿಲ್ಲ. ಕನ್ನಡ ನಾಡಿಗೆ ಪರಿಚಿತವಾದ, ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದ ಕಗಪ ಕೀಲಿಮಣೆಯ ಕ್ರಮ ಲಿನಕ್ಸಿನಲ್ಲಿ ಮೊದಲೇ ಇದೆ. ಸಾಧಾರಣ ಕೀಲಿಮಣೆಯಲ್ಲೇ ಬೆರಳಾಡಿಸಬಹುದು. ಲೋಹಿತ್, ನೋಟೋ ಮುಂತಾದ ಮುಕ್ತ ಅಕ್ಷರವಿನ್ಯಾಸಗಳು ಒತ್ತಕ್ಷರಗಳನ್ನು ತಪ್ಪಿಲ್ಲದೆ ತೋರಿಸುತ್ತವೆ. ಮಲೆಯಾಳಕ್ಕೂ ಅದೇ ಯಂತ್ರದಲ್ಲಿ ಅದೇ ಸೌಕರ್ಯ. ಕೀಲಿಯೊಂದನ್ನು ಒತ್ತಿ ಕನ್ನಡದಿಂದ ಮಲೆಯಾಳಕ್ಕೆ ಹೊರಳುವ ಯಂತ್ರಕ್ಕಿಂತ ಕರಿಕೆಗೆ ಒಪ್ಪುವ ಯಂತ್ರ ಇನ್ನಾವುದಿದ್ದೀತು?

ಗಡಿಯಲ್ಲಿ ಬಾಳುವವರು ನೆರೆಯವನ ಮಾತನ್ನು ಕಲಿತೇ ಬಾಳುತ್ತಾರೆ. ತಮ್ಮ ಮಾತನ್ನೂ ನೆರೆಯವನಿಗೆ ಮರೆಮಾಚುವುದಿಲ್ಲ. ಯಂತ್ರವನ್ನು ಕೊಳ್ಳುವಾಗಲೂ ಇದೇ ಒರೆಗಲ್ಲು ಸಾಕು. ಹೊಳಪನ್ನೂ ಹೆಸರನ್ನೂ ಕಂಡು ಮರುಳಾಗದೆ, ತನ್ನ ಭಾಷೆಯನ್ನು ಬಚ್ಚಿಡದ ಭಾಗಗಳನ್ನು ಆರಿಸಿಕೊಂಡವನಿಗೆ ಆಷಾಢದ ಮಳೆಯಲ್ಲಿ ಘಟ್ಟದ ದಾರಿ ಮುಚ್ಚಿದರೂ ಚಿಂತೆಯಿಲ್ಲ. ಯಂತ್ರ ಕೆಟ್ಟರೂ ಅದನ್ನು ಸರಿಪಡಿಸುವ ವಿವರ ಯಾವ ಕಂಪೆನಿಯ ಪೆಟ್ಟಿಗೆಯಲ್ಲೂ ಬೀಗದಲ್ಲಿ ಇರುವುದಿಲ್ಲ. ಗಡಿಯ ಈಚೆಯವರೋ ಆಚೆಯವರೋ ಯಾರಾದರೊಬ್ಬ ವಿದ್ಯಾರ್ಥಿ ಅದನ್ನು ಓದಿ ತಿಳಿದು ಕೈ ಹಾಕಬಲ್ಲನು.